ಗೆಲಿಲಿಯೋನನ್ನು ಸುಡಲಿಲ್ಲ

(ಹಾಸನದ ಓದುಗರೊಬ್ಬರ ಪತ್ರ: "ಭೂಮಿ ಗುಂಡಗಿದೆ ಎಂದಿದ್ದಕ್ಕೆ ಗೆಲಿಲಿಯೋನನ್ನು ಚರ್ಚಿನವರು ಸುಟ್ಟರು. ಆಗಲೂ ಅವನು 'ಆದರೂ ಅದು ತಿರುಗುತ್ತದೆ' ಎಂದ. ಈ ಕತೆಯನ್ನು ಮಕ್ಕಳ ಪುಟದಲ್ಲಿ ಯಾಕೆ ಹಾಕಬಾರದು?")

ಹಾಕಬಹುದಿತ್ತು. ಆದರೆ ನಿಮ್ಮ ಕತೆಯಲ್ಲಿ ಮೂರು ತಪ್ಪುಗಳಿವೆ. ಬೇಜಾರು ಮಾಡ್ಕೋಬೇಡಿ, ನಾನೂ ಶಾಲೆಯಲ್ಲಿ ಹೀಗೇ ಕಲಿತವನು.

ಭೂಮಿ ಗುಂಡಗಿದೆ ಎಂಬುದಕ್ಕೆ ಆಗ ಜಗಳವೇ ಇರಲಿಲ್ಲ. ಓದಿಕೊಂಡ ಪಾದ್ರಿಗಳು ಅದನ್ನು ಒಪ್ಪಿದ್ದರು. ತಕರಾರಿದ್ದದ್ದು ಅದು ಸೂರ್ಯನನ್ನು ಸುತ್ತುತ್ತದೆ ಎಂಬ ಮಾತಿಗೆ. ಇನ್ನು ಸುಟ್ಟದ್ದು ಜೋರ್ಡಾನೋ ಬ್ರೂನೋ ಎಂಬ ಇಟಲಿಯ ದಾರ್ಶನಿಕನನ್ನು, 1600ರಲ್ಲಿ, ರೋಮಿನ ಒಂದು ಚೌಕದಲ್ಲಿ. ನಮ್ಮ ತಲೆಯಲ್ಲಿ ಇಬ್ಬರ ಕತೆಯೂ ಕಲಸುಮೇಲೋಗರ ಆಗಿಬಿಟ್ಟಿದೆ.

ಗೆಲಿಲಿಯೋ ಪೆಟ್ಟು ತಿಂದದ್ದಕ್ಕೆ ಕಾರಣ ಒಂದೇ ಅಲ್ಲ. 1615ರಲ್ಲಿ ಚರ್ಚಿನ ಹಿರಿಯ ಪಾದ್ರಿ ಕಾರ್ಡಿನಲ್ ಬೆಲ್ಲರ್ಮಿನೋ ಒಂದು ಪತ್ರದಲ್ಲಿ ಬರೆದಿದ್ದ: ಭೂಮಿ ಸುತ್ತುವುದಕ್ಕೆ ಗಟ್ಟಿ ಪುರಾವೆ ಸಿಕ್ಕರೆ ಬೈಬಲಿನ ಮಾತುಗಳನ್ನು ಬೇರೆ ರೀತಿ ಅರ್ಥ ಮಾಡಿಕೊಳ್ಳಬೇಕಾಗುತ್ತದೆ, ಆದರೆ ತೋರಿಸುವ ತನಕ ನಾನು ನಂಬುವುದಿಲ್ಲ. ಗೆಲಿಲಿಯೋ ದೂರದರ್ಶಕದಲ್ಲಿ ಗುರುವಿನ ನಾಲ್ಕು ಚಂದ್ರರನ್ನು ಕಂಡಿದ್ದ, ಶುಕ್ರ ನಮ್ಮ ಚಂದ್ರನ ಹಾಗೆ ಬೆಳೆದು ಸೊರಗುವುದನ್ನೂ ಕಂಡಿದ್ದ. ಅಷ್ಟರಿಂದ ವಾದ ಗೆಲ್ಲುವ ಹಾಗಿರಲಿಲ್ಲ. ಉಬ್ಬರವಿಳಿತ ಆಗುವುದು ಭೂಮಿಯ ಓಟದಿಂದ ಎಂದು ಅವನು ಹಟ ಹಿಡಿದದ್ದಂತೂ ಶುದ್ಧ ತಪ್ಪು. ಗಟ್ಟಿ ಪುರಾವೆ ಬೇಕೆಂದರೆ, ಭೂಮಿ ಸುತ್ತುವಾಗ ನಕ್ಷತ್ರ ಕೊಂಚ ಸರಿದಂತೆ ಕಾಣಬೇಕಲ್ವಾ? ಅದನ್ನು ಜರ್ಮನಿಯ ಖಗೋಳಜ್ಞ ಬೆಸೆಲ್ ಅಳೆದು ತೋರಿಸಿದ್ದು 1838ರಲ್ಲಿ.

1632ರಲ್ಲಿ ಗೆಲಿಲಿಯೋನ ಪುಸ್ತಕ ಬಂತು. ಸುತ್ತುವುದು ಭೂಮಿಯೋ ಸೂರ್ಯನೋ ಎಂದು ಮೂವರು ಕೂತು ಹರಟುವ ಪುಸ್ತಕ. ಅದೂ ಪಂಡಿತರ ಲ್ಯಾಟಿನ್‌ನಲ್ಲಲ್ಲ, ಪೇಟೆಯ ಜನ ಓದುವ ಇಟಾಲಿಯನ್‌ನಲ್ಲಿ. ಪೋಪ್ ಎಂಟನೇ ಅರ್ಬನ್ ಅವನ ಹಳೆಯ ಅಭಿಮಾನಿ. ಆ ಪೋಪನ ಅಚ್ಚುಮೆಚ್ಚಿನ ವಾದವನ್ನು ಗೆಲಿಲಿಯೋ ಸಿಂಪ್ಲಿಚಿಯೋ ಎಂಬುವನ ಬಾಯಲ್ಲಿಟ್ಟ. ಪುಸ್ತಕದುದ್ದಕ್ಕೂ ಪೆದ್ದನಾಗುವವನು ಅವನೇ! ಯಾರು ಸುಮ್ನಿರ್ತಾರೆ ಹೇಳಿ?

ಹಾಗಂತ ನಾನು ಚರ್ಚಿನ ಪರ ವಕಾಲತ್ತು ವಹಿಸುತ್ತಿಲ್ಲ. 1633ರ ಜೂನ್ 22ರಂದು 69 ವರ್ಷದ ಮುದುಕನನ್ನು ಮಂಡಿಯೂರಿಸಿ, 'ನನ್ನದು ತಪ್ಪು' ಎಂದು ಓದಿಸಿದರು. ಹತ್ತು ನ್ಯಾಯಾಧೀಶರಲ್ಲಿ ಮೂವರ ಸಹಿ ತೀರ್ಪಿನಲ್ಲಿಲ್ಲ. ಆ ಮೂವರಲ್ಲಿ ಒಬ್ಬ ಪೋಪನ ಸ್ವಂತ ಸಹೋದರನ ಮಗ.

'ಆದರೂ ಅದು ತಿರುಗುತ್ತದೆ' ಎಂಬ ಮಾತು ವಿಚಾರಣೆಯ ಕಡತದಲ್ಲಿಲ್ಲ. ಅಚ್ಚಿನಲ್ಲಿ ಕಾಣಿಸಿಕೊಂಡದ್ದು ನೂರು ವರ್ಷ ಕಳೆದ ಮೇಲೆ. ಅಲ್ಲಿ ಹಾಗೆ ಗೊಣಗಿದ್ದರೆ ಅವನು ಮನೆ ಸೇರುತ್ತಿರಲಿಲ್ಲ ಬಿಡಿ.

ಮಕ್ಕಳ ಪುಟಕ್ಕೆ ನಾನಾದರೆ ಗೆಲಿಲಿಯೋನ ಮಗಳ ಕತೆ ಹಾಕುತ್ತೇನೆ. ಮೂರು ವರ್ಷ, ವಾರಕ್ಕೊಮ್ಮೆ ಬೈಬಲಿನ ಪಶ್ಚಾತ್ತಾಪದ ಏಳು ಕೀರ್ತನೆಗಳನ್ನು ಹೇಳಬೇಕೆಂಬುದೂ ಶಿಕ್ಷೆಯ ಒಂದು ಭಾಗ. ಸನ್ಯಾಸಿನಿಯಾಗಿದ್ದ ಮಗಳು ಮರಿಯಾ ಚೆಲೆಸ್ತೆ, ಅಪ್ಪನ ಬದಲು ನಾನೇ ಹೇಳುತ್ತೇನೆ ಎಂದು ಅದನ್ನು ವಹಿಸಿಕೊಂಡಳು. 1634ರಲ್ಲಿ ಅವಳು ತೀರಿಕೊಂಡಳು. ಫ್ಲಾರೆನ್ಸ್ ಪಕ್ಕದ ಆರ್ಚೆತ್ರಿಯಲ್ಲಿ ಗೃಹಬಂಧನದಲ್ಲಿದ್ದ ಗೆಲಿಲಿಯೋ ಚಲನೆಯ ಬಗ್ಗೆ ಇನ್ನೊಂದು ಪುಸ್ತಕ ಬರೆದ. ಅದು 1638ರಲ್ಲಿ ಹಾಲೆಂಡಿನ ಲೈಡನ್‌ನಲ್ಲಿ ಅಚ್ಚಾಯಿತು. ಪುಸ್ತಕ ಕೈಗೆ ಬರುವ ಹೊತ್ತಿಗೆ ಅವನ ಎರಡೂ ಕಣ್ಣು ಹೋಗಿದ್ದವು.

-ಸಂ