ಕ್ರೌನ್‌ಪಾಯಿಂಟ್‌ಗೆ ಪಾಠ ಮಾಡಲು ಬರುವವರಿಗೆ

ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಕ್ರೌನ್‌ಪಾಯಿಂಟ್‌ನಲ್ಲಿರುವ, ನವಾಹೊ ಎಂಬ ಮೂಲನಿವಾಸಿಗಳ ನವಾಹೊ ಟೆಕ್ನಿಕಲ್ ಯೂನಿವರ್ಸಿಟಿಗೆ ಎಲೆಕ್ಟ್ರಿಕಲ್ ಪಾಠ ಮಾಡಲು ಬರುತ್ತಿದ್ದೀರಿ. ಬದುಕು ಹೇಗೆ, ನವಾಹೊ ಸಂಸ್ಕೃತಿಯನ್ನು ಎಂಜಿನಿಯರಿಂಗ್ ಪಾಠದೊಳಗೆ ತರುವುದು ಹೇಗೆ ಅಂತ ಕೇಳಿದ್ದೀರಿ.

ಬದುಕಿನದು ಚಿಕ್ಕದಾಗಿ ಹೇಳಿಬಿಡುತ್ತೇನೆ. ಊರು 2,000 ಮೀಟರಿಗಿಂತ ಎತ್ತರದಲ್ಲಿದೆ, ಚಳಿಗಾಲದಲ್ಲಿ ಹಿಮ ಬೀಳುತ್ತದೆ. ದಿನಸಿಗೆ ಗ್ಯಾಲಪ್, ಕಾರಿನಲ್ಲಿ ಒಂದು ಗಂಟೆ. ತೊಗರಿಬೇಳೆ, ಹುಣಸೆಹಣ್ಣಿಗೆ ಆಲ್ಬುಕರ್ಕಿ, ಎರಡು ಗಂಟೆ. ನವಾಹೊ ನೆಲದಲ್ಲಿ ಮದ್ಯ ನಿಷೇಧ. ಬೇಸಿಗೆಯಲ್ಲಿ ಪಕ್ಕದ ಆರಿಜೋನಾ ರಾಜ್ಯ ಗಡಿಯಾರವನ್ನು ಒಂದು ಗಂಟೆ ಮುಂದಿಡುವುದಿಲ್ಲ, ಅದರೊಳಗಿನ ನವಾಹೊ ನೆಲ ಮುಂದಿಡುತ್ತದೆ, ಆ ನೆಲದ ನಡುವಿನ ಹೋಪಿ ಎಂಬ ಇನ್ನೊಂದು ಮೂಲನಿವಾಸಿ ಜನ ಮತ್ತೆ ಮುಂದಿಡುವುದಿಲ್ಲ. ಆ ಕಡೆ ಹೋಗುವಾಗ ‘ಯಾರ ಟೈಮು’ ಅಂತ ಕೇಳಿಕೊಂಡೇ ಹೊರಡಿ.

ಇನ್ನು ಪಾಠ. ಸ್ಲೈಡಿನ ಅಂಚಿಗೆ ನವಾಹೊ ಕಂಬಳಿಯ ಚಿತ್ತಾರ ಅಂಟಿಸಿ ಸಂಸ್ಕೃತಿ ಆಯಿತು ಅನ್ನಬೇಡಿ, ಹುಡುಗರು ನಗುತ್ತಾರೆ. 1968ರಲ್ಲಿ ಶುರುವಾದ, ನವಾಹೊಗಳದೇ ಆದ ಡಿನೇ ಕಾಲೇಜು ತನ್ನ ಕಲಿಕೆಯನ್ನು ನಾಲ್ಕು ಹಂತದ ಮೇಲೆ ಕಟ್ಟಿದೆ: ಪೂರ್ವಕ್ಕೆ ಯೋಚನೆ, ದಕ್ಷಿಣಕ್ಕೆ ಯೋಜನೆ, ಪಶ್ಚಿಮಕ್ಕೆ ಬದುಕಿ ಮಾಡುವುದು, ಉತ್ತರಕ್ಕೆ ಮಾಡಿದ್ದನ್ನು ತೂಗಿ ನೋಡುವುದು. ಡಿಸೈನ್ ಕೋರ್ಸಿಗೆ ಇದು ಸರಿಯಾಗಿ ಕೂರುತ್ತದೆ. ಆದರೆ ನಾಲ್ಕನೆಯದನ್ನು ಕೊನೆಯ ದಿನದ ಪ್ರೆಸೆಂಟೇಶನ್‌ಗೆ ಇಳಿಸಿದರೆ ಕೆಟ್ಟಿತು. ಅದಕ್ಕೆ ಮೂರು ವಾರವಾದರೂ ಇಡಿ. ಮಾಡಿದ ಸಾಮಾನು ಯಾವ ಮನೆಗಾಗಿ ಮಾಡಿದ್ದೋ ಆ ಮನೆಗೇ ಹೋಗಲಿ, ಮನೆಯ ಅಜ್ಜಿ ಬಳಸಿ ನೋಡಲಿ.

ಸಮಸ್ಯೆಯನ್ನೂ ಮನೆಯಿಂದಲೇ ತೆಗೆದುಕೊಳ್ಳಿ. ನವಾಹೊ ನೆಲದ ಸುಮಾರು ಮೂರನೇ ಒಂದು ಪಾಲು ಮನೆಗಳಿಗೆ ನಲ್ಲಿ ನೀರಿಲ್ಲ, ಪಿಕಪ್‌ನಲ್ಲಿ ಹೊತ್ತು ತರುತ್ತಾರೆ. 55 ಗ್ಯಾಲನ್ ಡ್ರಮ್ಮೆಂದರೆ 208 ಲೀಟರ್. 275 ಗ್ಯಾಲನ್ ಟ್ಯಾಂಕ್ ತುಂಬಿದರೆ ನೀರೇ 1,040 ಕೆ.ಜಿ., ಸಣ್ಣ ಪಿಕಪ್ಪಿಗೆ ಅದು ಅತಿಭಾರ. ಸ್ಟ್ಯಾಟಿಕ್ಸ್‌ನ (ಬಲ, ಭಾರಗಳ ಸಮತೋಲದ ಪಾಠ) ಮೊದಲ ಲೆಕ್ಕ ಇದೇ ಆಗಲಿ.

ನಿಮ್ಮ ವಿಷಯಕ್ಕೆ ಸೋಲಾರ್ ಇದೆ. ಇಲ್ಲಿ ತೊಂದರೆ ಕೊಡುವುದು ಬಿಸಿಲಲ್ಲ, ಚಳಿ. ಓಪನ್ ಸರ್ಕ್ಯೂಟ್‌ನಲ್ಲಿ (ಅಂದರೆ ಏನನ್ನೂ ಜೋಡಿಸದೆ) 45 ವೋಲ್ಟ್ ಕೊಡುವ ಮೂರು ಪ್ಯಾನೆಲ್ ಸೀರೀಸ್‌ನಲ್ಲಿಟ್ಟರೆ 135. ಬ್ಯಾಟರಿ ಚಾರ್ಜನ್ನು ನಿಯಂತ್ರಿಸುವ, 150 ವೋಲ್ಟ್ ತನಕ ತಡೆಯುವ ಕಂಟ್ರೋಲರ್ ಸಾಕು ಅನ್ನಿಸುತ್ತದೆ. ಆ 135 ಅಳೆದದ್ದು 25 ಡಿಗ್ರಿಯಲ್ಲಿ. ಚಳಿ ಹೆಚ್ಚಿದಂತೆ ವೋಲ್ಟೇಜ್ ಏರುತ್ತದೆ: ಡಿಗ್ರಿಗೆ ಶೇ. 0.3ರಂತೆ, ಮೈನಸ್ 20ರ ಬೆಳಗ್ಗೆ ಅದು 153 ದಾಟುತ್ತದೆ, ಕಂಟ್ರೋಲರ್ ಸುಟ್ಟುಹೋಗಬಹುದು. ಎರಡೆರಡೇ ಸೀರೀಸ್ ಮಾಡಿಸಿ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯನ್ನು ಸೊನ್ನೆಗಿಂತ ಕೆಳಗೆ ಚಾರ್ಜ್ ಮಾಡಿದರೆ ಆನೋಡಿನ (ಒಳಗಿನ ಋಣ ತುದಿಯ) ಮೇಲೆ ಲಿಥಿಯಂ ಲೋಹ ಕೂತು ಹಾಳಾಗುತ್ತದೆ. ರಕ್ಷಣಾ ಸರ್ಕ್ಯೂಟ್ ಇದ್ದರೆ ಚಾರ್ಜೇ ನಿಲ್ಲುತ್ತದೆ, ಬಿಸಿಲಿದ್ದೂ ಮನೆ ಕತ್ತಲೆ. ಬ್ಯಾಟರಿ ಒಲೆ ಉರಿಯುವ ಕೋಣೆಯಲ್ಲಿರಲಿ, ಒಲೆಗೆ ತಾಗದಂತೆ.

ತರಗತಿಯ ಮೊದಲ ದಿನ ವಿದ್ಯಾರ್ಥಿಗಳು ತಾಯಿಯ ಕುಲದಿಂದ ಶುರುಮಾಡಿ ನಾಲ್ಕು ಕುಲ ಹೇಳಿ ಪರಿಚಯಿಸಿಕೊಳ್ಳಬಹುದು. ಅವಸರಪಡಿಸಬೇಡಿ; ನೀವೂ ನಿಮ್ಮ ಊರು, ಮನೆತನ ಹೇಳಿ. ಸುರಕ್ಷತೆ ಹೇಳಿಕೊಡುವಾಗ ‘ಮುಟ್ಟಿದರೆ ಸಾಯ್ತೀಯ’ ಅನ್ನಬಾರದು. ಕೇಡು ನುಡಿದರೆ ಕೇಡು ಬರುತ್ತದೆ ಎಂಬುದು ಹಿರಿಯರ ನಂಬಿಕೆ. ನಮ್ಮಲ್ಲೂ ‘ಬಿಡ್ತು ಅನ್ನು’ ಅಂತಾರಲ್ಲ. ‘ಮೊದಲು ಸ್ವಿಚ್ ಆರಿಸಿ, ಬೀಗ ಹಾಕಿ, ಮೀಟರ್ ಹಿಡಿದು ನೋಡಿದವನು ಕ್ಷೇಮವಾಗಿ ಮನೆಗೆ ಹೋಗುತ್ತಾನೆ’ ಅನ್ನಿ. ಗ್ರಹಣದ ದಿನ ಸೋಲಾರ್ ಪ್ರಯೋಗ ಇಡಬೇಡಿ: ಸಂಪ್ರದಾಯಸ್ಥ ನವಾಹೊಗಳು ಗ್ರಹಣದ ಹೊತ್ತಿನಲ್ಲಿ ಹೊರಗೆ ಬರುವುದಿಲ್ಲ, ಉಣ್ಣುವುದಿಲ್ಲ, ನೋಡುವುದಿಲ್ಲ. ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಲ್ಲರೂ ಪಾಲಿಸುತ್ತಾರೆಂದಲ್ಲ, ಕ್ರೈಸ್ತ ಕುಟುಂಬಗಳೂ ಬೇಕಾದಷ್ಟಿವೆ, ಕೇಳಿ ತಿಳಿಯಿರಿ.

ಮನೆಗಳಿಂದ ಮಾಹಿತಿ ಪಡೆದು ಸಂಶೋಧನಾ ಲೇಖನ ಬರೆಯುವ ಯೋಚನೆಯಿದ್ದರೆ ನವಾಹೊ ನೇಷನ್‌ನ (ಅವರದೇ ಸರ್ಕಾರದ) ಹ್ಯೂಮನ್ ರಿಸರ್ಚ್ ರಿವ್ಯೂ ಬೋರ್ಡ್, ಅಂದರೆ ಜನರ ಮೇಲಿನ ಸಂಶೋಧನೆಯನ್ನು ಪರಿಶೀಲಿಸುವ ಮಂಡಳಿ, ಒಪ್ಪಬೇಕು, ಪ್ರಕಟಣೆಗೆ ಮುಂಚೆ ಇನ್ನೊಮ್ಮೆ ಒಪ್ಪಬೇಕು. ತಿಂಗಳುಗಟ್ಟಲೆ ಹಿಡಿಯುತ್ತದೆ. ಸೆಮಿಸ್ಟರ್ ಶುರುವಾಗುವ ಮೊದಲೇ ಅರ್ಜಿ ಹಾಕಿ.