ಮಿರ್ಜಾನ್ ಕೋಟೆಯೊಳಗೆ ಮದುವೆ ಮಾಡಬಹುದೇ? ಪಂಚಾಯ್ತಿ ಒಪ್ಪಿದರೆ ಸಾಕೇ?

ಮೇ ತಿಂಗಳು, ಇನ್ನೂರು ಜನ, ಕೋಟೆಯೊಳಗೆ ಚಪ್ಪರ, ಸಂಜೆ ಗೋಧೂಳಿ ಲಗ್ನ, ಊಟವೂ ಅಲ್ಲೇ. ಪಂಚಾಯ್ತಿಯವರು ಹೂಂ ಅಂದರೆ ಸಾಕೇ ಎಂದು ಕೇಳಿದ್ದೀರಿ. ಸಾಲದು. ನಮ್ಮ ಅಕ್ಕನ ಮಗಳ ಮದುವೆಗೂ ಇದೇ ಪಟ್ಟಿ ಇತ್ತು. ಕೊನೆಗೆ ಮದುವೆಯಾದದ್ದು ಕೋಟೆಗೆ ಹತ್ತಿರದ ಊರು, ಉತ್ತರ ಕನ್ನಡದ ಕುಮಟಾದ ಒಂದು ಕಲ್ಯಾಣಮಂಟಪದಲ್ಲಿ. ಎಡವಟ್ಟಾದದ್ದು ಒಂದು ಸೀಲಿನಿಂದ.

ಅದನ್ನೇ ಮೊದಲು ಹೇಳುತ್ತೇನೆ, ಯಾಕೆಂದರೆ ನಿಮ್ಮ ಪ್ರಶ್ನೆ ಓದಿದರೆ ನೀವೂ ಅಲ್ಲಿಗೇ ಹೊರಟಂತೆ ಕಾಣುತ್ತದೆ. ಕಚೇರಿಯಲ್ಲಿ ಅರ್ಜಿ ಕೊಟ್ಟಾಗ ನಮ್ಮ ಪ್ರತಿಯ ಮೇಲೆ ಒಂದು ಸೀಲು ಬಿತ್ತು. ದುಂಡಗೆ, ನೇರಳೆ ಬಣ್ಣ, ನಡುವೆ ತಾರೀಕು, ಪಕ್ಕದಲ್ಲಿ ಪೆನ್ನಿನಲ್ಲಿ ಬರೆದ ಒಂದು ನಂಬರು. ಮನೆಯಲ್ಲಿ ಎಲ್ಲರೂ ಅದನ್ನು ಅನುಮತಿ ಎಂದೇ ತಿಳಿದರು. ಮದುವೆ ಕಾಗದ ಮುದ್ರಣಕ್ಕೆ ಹೋಯಿತು, ‘ವಿವಾಹ ಸ್ಥಳ: ಮಿರ್ಜಾನ್ ಕೋಟೆ’ ಅಂತ. ಚಪ್ಪರದವರಿಗೆ, ಜನರೇಟರಿನವರಿಗೆ ಮುಂಗಡ ಹೋಯಿತು. ಆ ಸೀಲಿನ ಅರ್ಥ ಇಷ್ಟೇ: ಅರ್ಜಿ ಟಪಾಲಿನಲ್ಲಿ ಬಂದು ಮುಟ್ಟಿದೆ. ಆ ನಂಬರು ಆವಕದ ನಂಬರು. ಅನುಮತಿ ಅಂದರೆ ಕಚೇರಿಯವರು ನಿಮಗೆ ಬರೆಯುವ ಬೇರೆಯೇ ಪತ್ರ. ಅದಕ್ಕೆ ಜಾವಕದ ನಂಬರು (ಕಚೇರಿಯಿಂದ ಹೊರಹೋಗುವ ಪತ್ರಕ್ಕೆ ಹಾಕುವುದು), ತಾರೀಕು ಇರಬೇಕು, ನಿಮ್ಮ ಅರ್ಜಿಯ ಉಲ್ಲೇಖ ಇರಬೇಕು, ಯಾವ ಜಾಗ, ಎಷ್ಟು ಗಂಟೆಯಿಂದ ಎಷ್ಟು ಗಂಟೆ, ಎಷ್ಟು ಜನ, ಯಾವ ಷರತ್ತು ಎಂದು ಬರೆದಿರಬೇಕು, ಕೆಳಗೆ ಅಧಿಕಾರಿಯ ಸಹಿ ಮತ್ತು ಹುದ್ದೆ ಇರಬೇಕು. ಇದರಲ್ಲಿ ಒಂದು ಇಲ್ಲದಿದ್ದರೂ ಕೈಯಲ್ಲಿರುವುದು ಅನುಮತಿ ಅಲ್ಲ. ಕಾವಲುಗಾರ ‘ಬನ್ನಿ ಬನ್ನಿ, ಏನೂ ತೊಂದರೆ ಇಲ್ಲ’ ಅಂದದ್ದೂ ಅನುಮತಿ ಅಲ್ಲ. ನಮಗೆ ಪತ್ರ ಬರಲೇ ಇಲ್ಲ. ಚಪ್ಪರದ ಮುಂಗಡ ಹೋಯಿತು, ಕಾಗದ ಮತ್ತೆ ಅಚ್ಚಾಯಿತು, ಎಲ್ಲರಿಗೂ ಫೋನ್ ಮಾಡಿದ್ದಾಯಿತು. ಅಷ್ಟಾದರೂ ಹಳೇ ಕಾಗದ ಹಿಡಿದು ಸೀದಾ ಕೋಟೆ ಬಾಗಿಲಿಗೆ ಹೋದವರನ್ನು ಕರೆತರಲು ಒಬ್ಬ ಹುಡುಗನನ್ನು ಬೈಕಿನಲ್ಲಿ ಅಲ್ಲೇ ನಿಲ್ಲಿಸಬೇಕಾಯಿತು.

ಈಗ ಕಾನೂನು. ಮಿರ್ಜಾನ್ ಕೋಟೆ ಕೇಂದ್ರದ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕ. ಪಂಚಾಯ್ತಿಗಾಗಲಿ ತಹಶೀಲ್ದಾರರಿಗಾಗಲಿ ಅದನ್ನು ಮದುವೆಗೆ ಕೊಡುವ ಅಧಿಕಾರ ಇಲ್ಲ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಡಿ 1959ರಲ್ಲಿ ಮಾಡಿದ ನಿಯಮಗಳಿವೆ. ಅದರ 7ನೇ ನಿಯಮದ ಪ್ರಕಾರ ಸಂರಕ್ಷಿತ ಸ್ಮಾರಕದೊಳಗೆ ಸಭೆ, ಆರತಕ್ಷತೆ, ಪಾರ್ಟಿ, ಮನರಂಜನೆ ಯಾವುದೇ ಆಗಲಿ, ಕೇಂದ್ರ ಸರ್ಕಾರದ ಲಿಖಿತ ಅನುಮತಿ ಇಲ್ಲದೆ ನಡೆಸುವಂತಿಲ್ಲ. ಅರ್ಜಿ ಹೋಗಬೇಕಾದದ್ದು ಇಲಾಖೆಯ ಧಾರವಾಡ ವೃತ್ತ ಕಚೇರಿಗೆ, ಕಡತ ಅಲ್ಲಿಂದ ಮೇಲಕ್ಕೆ ಹೋಗಬೇಕು. ಮುಹೂರ್ತದ ದಿನ ಇಟ್ಟುಕೊಂಡು ಆ ಕಡತವನ್ನು ಓಡಿಸಲು ಯಾರಿಂದಲೂ ಆಗದು.

ಅದೇ 7ನೇ ನಿಯಮದ ಎರಡನೇ ಭಾಗ ಯಾರಾದರೂ ನಿಮಗೆ ತೋರಿಸಿಯೇ ತೋರಿಸುತ್ತಾರೆ: ರೂಢಿಯಲ್ಲಿರುವ ಧಾರ್ಮಿಕ ಆಚರಣೆಗೆ ಈ ನಿರ್ಬಂಧ ಇಲ್ಲ. ಮದುವೆ ಧಾರ್ಮಿಕ ಕಾರ್ಯವೇ ಅಲ್ಲವೇ ಎಂದು ವಾದಿಸಬಹುದು. ನನ್ನ ಪ್ರಕಾರ ಅದು ನಿಲ್ಲದ ವಾದ. ಬನವಾಸಿಯ ಮಧುಕೇಶ್ವರ ದೇವಸ್ಥಾನವೂ ಸಂರಕ್ಷಿತ ಸ್ಮಾರಕವೇ, ಆದರೆ ಅಲ್ಲಿ ಪೂಜೆ, ರಥೋತ್ಸವ ಪರಂಪರೆಯಿಂದ ನಡೆದುಬಂದಿದೆ. ಮಿರ್ಜಾನ್ ಕೋಟೆ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಕಾಲದ ಕಾಳುಮೆಣಸಿನ ವ್ಯಾಪಾರದ ಕಾವಲು. ಅಲ್ಲಿ ಧಾರೆ ಎರೆಯುವ ರೂಢಿ ಯಾವತ್ತಿನದು?

ಇನ್ನು ನೀವು ಕೇಳದೇ ಇದ್ದ ಮಾತು. ಅನುಮತಿ ಸಿಕ್ಕರೂ ಅಲ್ಲಿ ಮದುವೆ ಮಾಡಬೇಡಿ.

ನೀವು ನೋಡಿದ ಫೋಟೊಗಳಲ್ಲಿ ಗೋಡೆ ತುಂಬ ಪಾಚಿ, ನೆಲದ ತುಂಬ ಹಸಿರು ಹುಲ್ಲು ಇರುತ್ತದೆ, ಅಲ್ಲವೇ? ಅದು ಆಷಾಢದಿಂದ ಆಶ್ವೀಜದವರೆಗಿನ ಕೋಟೆ. ಆಗ ಮುಹೂರ್ತ ಹುಡುಕಿದರೂ ಸಿಗುವುದು ಕಷ್ಟ, ಮಳೆಯಲ್ಲಿ ಮೆಟ್ಟಿಲು ಜಾರುತ್ತದೆ. ವೈಶಾಖದಲ್ಲಿ ಹೋದರೆ ಹುಲ್ಲು ಒಣಗಿ ಕಂದಾಗಿರುತ್ತದೆ, ಗೋಡೆ ಕಪ್ಪಾಗಿರುತ್ತದೆ, ಕೋಟೆಯ ಚಿರೇಕಲ್ಲು (ಜಂಬಿಟ್ಟಿಗೆ) ಮಧ್ಯಾಹ್ನ ಕಾದು ಸಂಜೆಯವರೆಗೂ ಬಿಸಿ ಬಿಡುತ್ತದೆ. ಗೋಧೂಳಿ ಲಗ್ನದ ಆಸೆಯಂತೂ ಬಿಡಿ, ಸೂರ್ಯ ಮುಳುಗುವ ಹೊತ್ತಿಗೆ ಸ್ಮಾರಕದ ಬಾಗಿಲೂ ಮುಚ್ಚುತ್ತದೆ.

ಚಪ್ಪರದ ವಿಷಯ. ನಮ್ಮ ಕಡೆ ಚಪ್ಪರ ಅಂದರೆ ಹಾರೆ ಹಾಕಿ ಒಂದೂವರೆ ಅಡಿ ಗುಂಡಿ ತೋಡಿ ಅಡಿಕೆ ಮರದ ಕಂಬ ಹುಗಿಯುವುದು. ಸ್ಮಾರಕದ ನೆಲದಲ್ಲಿ ಒಂದು ಗೇಣೂ ಅಗೆಯುವಂತಿಲ್ಲ. ಅಲ್ಲಿ ಉತ್ಖನನ ಮಾಡಿಯೇ ಎಷ್ಟೋ ಭಾಗ ಹೊರತೆಗೆದದ್ದು, ಇನ್ನೂ ಒಳಗೆ ಏನಿದೆಯೋ. ಗುಂಡಿ ಬೇಡವೆಂದರೆ ಕಬ್ಬಿಣದ ಚೌಕಟ್ಟು ತಂದು ಪ್ರತಿ ಕಾಲಿಗೂ ಇನ್ನೂರು ಲೀಟರಿನ ನೀರಿನ ಡ್ರಮ್ ಕಟ್ಟಬೇಕು. ಮೇ ತಿಂಗಳ ಸಂಜೆ ಗುಡುಗು ಮಳೆಗೆ ಮುಂಚೆ ಬೀಸುವ ಗಾಳಿಗೆ ಅಷ್ಟಾದರೂ ಭಾರ ಬೇಕೇ ಬೇಕು. ಆ ಡ್ರಮ್ಮುಗಳನ್ನು ಒಳಗೆ ಸಾಗಿಸಲು ಗಾಡಿ ತರುವಂತಿಲ್ಲ, ವಾಹನ ನಿಲ್ಲುವುದು ಗೊತ್ತುಮಾಡಿದ ಜಾಗದಲ್ಲೇ. ಮಾಲೆ ಕಟ್ಟಲು ಕಲ್ಲಿನ ಸಂದಿಯಲ್ಲಿ ಮೊಳೆ ಹೊಡೆದರಂತೂ ಸ್ಮಾರಕಕ್ಕೆ ಹಾನಿ ಎಂದೇ ಲೆಕ್ಕ. 2010ರ ತಿದ್ದುಪಡಿ ನಂತರ ಅದಕ್ಕೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ.

ಲಾಜಾಹೋಮ, ಸಪ್ತಪದಿಗೆ ಅಗ್ನಿ ಬೇಕು. ಚಿರೇಕಲ್ಲು ರಂಧ್ರ ರಂಧ್ರ ಇರುವ ಕಲ್ಲು, ಬಿದ್ದ ತುಪ್ಪ, ಎಣ್ಣೆ, ಅರಿಸಿನ, ಕುಂಕುಮ ಎಲ್ಲವನ್ನೂ ಒಳಗೆ ಎಳೆದುಕೊಳ್ಳುತ್ತದೆ. ಆಮೇಲೆ ತೊಳೆದರೆ ಕಲೆ ಹೋಗುವುದಿಲ್ಲ, ಇನ್ನೂ ಅಗಲವಾಗಿ ಹರಡುತ್ತದೆ. ಜನರೇಟರಿನ ಡೀಸೆಲ್ ಸೋರಿದರೂ ಇದೇ ಕತೆ. ಓಕುಳಿಯ ನೀರಿನ ಮಾತೇ ಬೇಡ. ಅಡುಗೆ, ಊಟ ಎರಡಕ್ಕೂ 8ನೇ ನಿಯಮದ ತಡೆ ಇದೆ: ಅದಕ್ಕೆಂದೇ ಬಿಟ್ಟ ಜಾಗ ಇದ್ದರೆ ಅಲ್ಲಿ ಮಾತ್ರ, ಇಲ್ಲದಿದ್ದರೆ ಇಲ್ಲ. ಬಾಳೆಲೆ ಹಾಸುವ ಯೋಚನೆ ಬಿಡಿ. ಇಷ್ಟರ ಮೇಲೆ ಒಳಗೆ ಬಾವಿಗಳಿವೆ, ಗೋಡೆಯ ಮೇಲೆ ಹತ್ತಿದರೆ ಅಂಚಿನಲ್ಲಿ ಕಟಾಂಜನ ಇಲ್ಲದ ಕಡೆಯೂ ಇದೆ. ಇನ್ನೂರು ಜನ ಎಂದರೆ ಮೂವತ್ತು ಮಕ್ಕಳಾದರೂ ಇರುತ್ತವೆ, ಅವನ್ನು ಯಾರು ಕಾಯುತ್ತಾರೆ?

ಕೋಟೆ ಪಕ್ಕದ ಗದ್ದೆ ಬಾಡಿಗೆಗೆ ಹಿಡಿಯೋಣ ಅನ್ನುವವರೂ ಇದ್ದಾರೆ. ಕಟ್ಟಡ ಕೆಲಸದ ಮಟ್ಟಿಗೆ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ವೇದಿಕೆಗೆ ಕಲ್ಲು ಸಿಮೆಂಟು ಹಾಕುವ ಮಾತೇ ಬರಬಾರದು. ಬರೀ ಶಾಮಿಯಾನವಾದರೂ ಕಚೇರಿಗೆ ಕೇಳಿ, ಉತ್ತರವನ್ನು ಕಾಗದದಲ್ಲೇ ಪಡೆಯಿರಿ.

ಕೋಟೆಯ ಹಿನ್ನೆಲೆಯ ಫೋಟೊ ಬೇಕು ಅಷ್ಟೇ ಎಂದಾದರೆ ಅದು ಸುಲಭ. ಮುಹೂರ್ತ ಕುಮಟಾದಲ್ಲೋ ಗೋಕರ್ಣದಲ್ಲೋ ಬೆಳಿಗ್ಗೆ ಮುಗಿಸಿ. ಕುಮಟಾದಿಂದ ಕೋಟೆ ಹನ್ನೊಂದು ಕಿಲೋಮೀಟರು, ಹೆದ್ದಾರಿ ಬಿಟ್ಟು ಸ್ವಲ್ಪವೇ ಒಳಗೆ. ಸಂಜೆ ನಾಲ್ಕೂವರೆಗೆ ವಧು ವರ ಮತ್ತು ಆಪ್ತರು ಹತ್ತು ಹನ್ನೆರಡು ಜನ ಹೋಗಿ, ಮಾಮೂಲು ಪ್ರವಾಸಿಗರ ಹಾಗೆ. ಕೈಯಲ್ಲಿ ಹಿಡಿಯುವ ಕ್ಯಾಮೆರಾ ಸಾಕು. ಟ್ರೈಪಾಡ್, ದೊಡ್ಡ ಲೈಟು, ರಿಫ್ಲೆಕ್ಟರ್ ತೆಗೆದರೆ ಅನುಮತಿ ಪತ್ರ ಕೇಳುತ್ತಾರೆ. ಡ್ರೋನ್ ಹಾರಿಸುವ ಫೋಟೊಗ್ರಾಫರನ್ನು ಮೊದಲೇ ತಡೆಯಿರಿ: ಸ್ಮಾರಕದ ಮೇಲೆ ಬೇರೆ ಅನುಮತಿ ಬೇಕು. ಕಾರವಾರದ ಕಡೆಗಂತೂ ಅರ್ಗಾದ ನೌಕಾನೆಲೆ, ಕೈಗಾ ಅಣುಸ್ಥಾವರ ಎರಡೂ ಇವೆ, ಡ್ರೋನ್ ಎಲ್ಲಿ ಹಾರಿಸಬಹುದು ಎಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡದೆ ಎಲ್ಲೂ ಹಾರಿಸಬಾರದು. ಹೂವಿನ ಎಸಳು ಎರಚುವುದು, ಬಣ್ಣದ ಹೊಗೆ ಬಿಡುವುದು ಬೇಡ.

ಇನ್ನು ಬಯಲಿನಲ್ಲೇ ಮದುವೆ ಬೇಕೇ ಬೇಕು ಅಂದರೆ ಕೋಟೆಗಿಂತ ಕಡಲತೀರ ವಾಸಿ. ಜಿಲ್ಲಾಡಳಿತದ ಒಪ್ಪಿಗೆ ಬೇಕು, ಧ್ವನಿವರ್ಧಕಕ್ಕೆ ಪೊಲೀಸ್ ಪರವಾನಗಿ ಬೇಕು, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಮೈಕು ಇಲ್ಲ. ವಧು ವರ ಪೂರ್ವಕ್ಕೆ ಮುಖ ಮಾಡಿ ಕೂತರೆ ಸಮುದ್ರ ಬೆನ್ನ ಹಿಂದೆ ಬರುತ್ತದೆ, ಫೋಟೊಗೆ ಅದೇ ಬೇಕಾದದ್ದು. ಆದರೆ ಹತ್ತು ಗಂಟೆ ದಾಟಿದ ಮೇಲೆ ಕಡಲಗಾಳಿ ಪಶ್ಚಿಮದಿಂದ ಏಳುತ್ತದೆ, ಹೋಮದ ಹೊಗೆ ಎದುರಿಗೆ ಕೂತ ನೆಂಟರ ಮುಖಕ್ಕೇ ಹೊಡೆಯುತ್ತದೆ. ಹಾಗಾಗಿ ಬೆಳಗಿನ ಮುಹೂರ್ತವನ್ನೇ ಕೇಳಿ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ಭರತದ ನೀರು ಮಾಮೂಲಿಗಿಂತ ಮೇಲೆ ಬರುತ್ತದೆ. ಹಿಂದಿನ ದಿನ ಒಣಗಿದ ಕಸದ ಗೆರೆ ಎಲ್ಲಿದೆ ನೋಡಿ, ಅದಕ್ಕಿಂತ ಹತ್ತು ಹೆಜ್ಜೆ ಮೇಲೆ ಮಂಟಪ ಹಾಕಿಸಿ. ಮರಳಿನಲ್ಲಿ ಗೂಟ ನಿಲ್ಲದು, ಮರಳು ತುಂಬಿದ ಚೀಲಕ್ಕೆ ಹಗ್ಗ ಕಟ್ಟಿ ಎರಡಡಿ ಆಳದಲ್ಲಿ ಹೂಳಬೇಕು. ಗಾಳಿಮರದ ತೋಪಿನ ಕೆಳಗೆ ಅಗ್ನಿ ಬೇಡ, ಉದುರಿದ ಎಲೆ ಕಡ್ಡಿಪೆಟ್ಟಿಗೆಯಂತೆ ಹತ್ತಿಕೊಳ್ಳುತ್ತದೆ. ಚಳಿಗಾಲದಲ್ಲಾದರೆ ಆ ತೀರದಲ್ಲಿ ಕಡಲಾಮೆ ಮೊಟ್ಟೆ ಇಡುತ್ತವೆಯೇ ಎಂದು ಅರಣ್ಯ ಇಲಾಖೆಯಲ್ಲಿ ಕೇಳಿ, ಇಡುವ ಜಾಗದಲ್ಲಿ ರಾತ್ರಿ ದೀಪ ಹಾಕಬಾರದು. ಕುಡಿಯುವ ನೀರು ಬಿಸಿಲಿನಲ್ಲಿ ತಲೆಗೆ ಒಂದು ಲೀಟರು ಲೆಕ್ಕ ಹಿಡಿದರೆ ಇನ್ನೂರು ಜನಕ್ಕೆ ಇಪ್ಪತ್ತು ಲೀಟರಿನ ಹತ್ತು ಕ್ಯಾನು, ಮೇಲೆ ನಾಲ್ಕು ಹೆಚ್ಚಿಗೆ.

ಶಾಸ್ತ್ರ ಬೇಡ, ಸರಳವಾಗಿ ಆಗೋಣ ಎನ್ನುವವರಾದರೆ 1954ರ ವಿಶೇಷ ವಿವಾಹ ಕಾಯ್ದೆ ಇದೆ. ಮೂವತ್ತು ದಿನದ ನೋಟಿಸು, ಮೂರು ಸಾಕ್ಷಿ. ಕಚೇರಿಯ ಹೊರಗೆ, ಸಮಂಜಸ ದೂರದ ಬೇರೆ ಜಾಗದಲ್ಲಿ ಮಾಡಲೂ ಹೆಚ್ಚಿನ ಶುಲ್ಕ ಕಟ್ಟಿ ಕೇಳಬಹುದು. ಆ ‘ಬೇರೆ ಜಾಗ’ ಕೋಟೆ ಎಂದರೆ ಮಾತ್ರ ಮತ್ತೆ ಧಾರವಾಡದ ಪತ್ರವೇ ಬೇಕು.

ಕಾಗದ ಅಚ್ಚಿಗೆ ಕೊಟ್ಟಿದ್ದರೆ ಇವತ್ತೇ ನಿಲ್ಲಿಸಿ. ಕುಮಟಾ, ಅಂಕೋಲಾ ಕಡೆ ವೈಶಾಖದ ಒಳ್ಳೆಯ ಮುಹೂರ್ತಕ್ಕೆ ಕಲ್ಯಾಣಮಂಟಪಗಳು ಬೇಗ ತುಂಬುತ್ತವೆ. ಮೊದಲು ಮಂಟಪದ ರಸೀದಿ ಕೈಗೆ ಬರಲಿ, ವಿವಾಹ ಸ್ಥಳ ಎಂದು ಅದರ ಹೆಸರನ್ನೇ ಹಾಕಿಸಿ.