ಸಾಬೂನಿಗೂ ಚಂದಾ ಎತ್ತಬೇಕೇ?
ಬ್ರಹ್ಮಾವರದ ಕಡೆಯ 64 ಮಕ್ಕಳ ಸರ್ಕಾರಿ ಶಾಲೆ, ಮತ್ತೆ ಕೋವಿಡ್‌ನಂಥ ಕಾಯಿಲೆ ಬಂದರೆ ಸಾಬೂನು, ಫಿನಾಯಿಲಿಗೆ ಊರವರ ಮುಂದೆ ಕೈಯೊಡ್ಡಬೇಕೇ ಎಂದು ಕೇಳಿದ್ದೀರಿ. ಮೊದಲು ಸರ್ಕಾರಿ ಶಾಲೆಗಳಿಗೆ ಹಣ ಕೊಡುವ ಸಮಗ್ರ ಶಿಕ್ಷಣ ಯೋಜನೆಯ ಶಾಲಾ ಅನುದಾನದ ಲೆಕ್ಕ ತೆಗೆಸಿ ನೋಡಿ. 31ರಿಂದ 100 ಮಕ್ಕಳಿರುವ ಶಾಲೆಗೆ ಮಾರ್ಗಸೂಚಿಯಂತೆ ವರ್ಷಕ್ಕೆ 25,000 ರೂಪಾಯಿವರೆಗೆ ಸಿಗುತ್ತದೆ. ಅದರಲ್ಲಿ ಶೇಕಡಾ 10 ಸ್ವಚ್ಛತೆಗೇ ಹೋಗಬೇಕು. ಅಂದರೆ 2,500. ಇದು ಕನಿಷ್ಠ ಮಿತಿ, ಗರಿಷ್ಠವಲ್ಲ. ಹಲವು ಮುಖ್ಯೋಪಾಧ್ಯಾಯರು ಇದನ್ನೇ ತಿರುಗುಮುರುಗಾಗಿ ಓದುತ್ತಾರೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಠರಾವು ಬರೆಸಿ, ಪ್ರತಿ ಬಿಲ್ಲನ್ನೂ ಜೋಪಾನವಾಗಿಡಿ. ನಮ್ಮ ಮಳೆಗಾಲ ಗೊತ್ತಲ್ಲ, ಸೋರುವ ಹಂಚಿನ ರಿಪೇರಿಯೂ ಇದೇ ಹಣಕ್ಕೆ ಬಾಯಿ ಹಾಕುತ್ತದೆ. 2020ರಲ್ಲಿ ಕೋವಿಡ್‌ನಿಂದ ಶಾಲೆ ಮುಚ್ಚಿದ್ದಾಗ ಮಕ್ಕಳಿದ್ದಲ್ಲಿಗೇ ಹೋಗಿ ಪಾಠ ಹೇಳುವ ವಿದ್ಯಾಗಮ ಯೋಜನೆಯಲ್ಲಿ ನಾವು ದೇವಸ್ಥಾನದ ಜಗಲಿಯಲ್ಲಿ ಪಾಠ ಮಾಡಿದಾಗ ಕೈತೊಳೆಯುವ ಬಕೆಟ್ ನನ್ನ ಮನೆಯಿಂದಲೇ ಹೋಗಿತ್ತು. ಅದು ಇನ್ನೂ ಮರಳಿ ಬಂದಿಲ್ಲ.